ಕುಣಿಗೆ ಬಂದ ನೀರು

“ಗುರುಗಳೇ, ನಾನು ದಿನಾ ಮಲಗುವ ಮುಂಚೆ ಅವತ್ತು ಕಂಡದ್ದು, ಮಾಡಿದ್ದು, ಮನಸ್ಸಿಗೆ ಚುಚ್ಚಿದ್ದು ಎಲ್ಲವನ್ನೂ ಬರೆಯುತ್ತೇನೆ. ಬರೆದ ಮೇಲೆ ಮನಸ್ಸು ಹಗುರವಾಗುತ್ತದೆ, ನಿದ್ದೆ ಚೆನ್ನಾಗಿ ಬರುತ್ತದೆ. ನನಗೊಂದು ಕುತೂಹಲ. ಮನಸ್ಸಿನಲ್ಲಿದ್ದ ಆ ಭಾರ ಎಲ್ಲಿಗೆ ಹೋಗುತ್ತದೆ?”

ಕೇಳಿದವನು ಪಂಪಣ್ಣ, ಊರಿನ ಛತ್ರವನ್ನು ನೋಡಿಕೊಳ್ಳುವವನು. ಛತ್ರ ಕಟ್ಟಿಸಿದವರು ಸತ್ತು ಎಷ್ಟೋ ಕಾಲವಾಗಿತ್ತು. ಅವರ ಮಕ್ಕಳು ಈ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಯಾರು ತಂಗಬೇಕು, ಯಾರು ಎಲ್ಲಿ ಕೂತು ಉಣ್ಣಬೇಕು ಎಂಬುದೆಲ್ಲ ಪಂಪಣ್ಣನ ಮಾತಿನಂತೆಯೇ ನಡೆಯುತ್ತಿತ್ತು. ಆಗಾಗ ಅವನು ಗುರುವಿನ ಬಳಿ ಬಂದು ಕೂರುತ್ತಿದ್ದ. ಅಂದೂ ಸೊಂಟದ ಬೀಗದ ಕೈ ಗೊಂಚಲನ್ನು ಪಕ್ಕಕ್ಕೆ ಸರಿಸಿ, ಚಾಪೆಯ ಮೇಲೆ ಕೂತು ಈ ಪ್ರಶ್ನೆ ಕೇಳಿದ.

ಗುರು ತನ್ನ ಹರಿದ ಅಂಗಿಯನ್ನು ಹೊಲಿಯುತ್ತಿದ್ದ. ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟು ತಲೆ ಎತ್ತಿದ.

“ಒಳ್ಳೆಯ ಪ್ರಶ್ನೆ. ನನಗೂ ಕುತೂಹಲ ಹುಟ್ಟಿತು. ನಿನ್ನೆ ಏನು ಬರೆದೆ?”

“ಸಣ್ಣೀರವ್ವನ ಬಗ್ಗೆ ಬರೆದೆ. ಛತ್ರ ಗುಡಿಸಿ, ಪಾತ್ರೆ ತೊಳೆಯುವವಳು. ಅವಳ ಜಾತಿಯವರು ಊಟದ ಪಡಸಾಲೆಯಲ್ಲಿ ಕೂತು ಉಣ್ಣುವಂತಿಲ್ಲ. ಅದು ಮೊದಲಿಂದ ನಡೆದು ಬಂದದ್ದು, ನಾನು ಮಾಡಿದ್ದಲ್ಲ. ಎಲ್ಲರ ಊಟವಾದ ಮೇಲೆ ಪಡಸಾಲೆ ಗುಡಿಸುತ್ತಾಳೆ. ನಾನು ಬೀಗ ಹಾಕುತ್ತೇನೆ. ಆಮೇಲೆ ಅವಳು ಹಿತ್ತಲಿಗೆ ಹೋಗಿ, ಜನ ಕೈ ತೊಳೆಯುವ ಕಟ್ಟೆಯ ಪಕ್ಕ ಕೂತು ಉಣ್ಣುತ್ತಾಳೆ. ನಿನ್ನೆ ಯಾರೋ ನೋಡದೆ ಬಾಯಿ ಮುಕ್ಕಳಿಸಿದರು. ನೀರು ಅವಳ ತಟ್ಟೆಗೆ ಸಿಡಿಯಿತು. ಅವಳು ಆ ಕಡೆಯ ಅನ್ನವನ್ನು ಬೆರಳಿಂದ ಸರಿಸಿ, ಈ ಕಡೆಯದನ್ನು ಉಂಡಳು. ನನಗೆ ಕರುಳು ಕಿತ್ತು ಬಂತು. ಅದನ್ನೇ ಬರೆದೆ. ಬರೆಯುವಾಗ ಅತ್ತುಬಿಟ್ಟೆ.”

“ಆಮೇಲೆ?”

“ಆಮೇಲೆ ಹಗುರವಾಯಿತು. ಮಲಗಿದೆ.”

“ಸಣ್ಣೀರವ್ವ?”

“ಸಣ್ಣೀರವ್ವ ಏನು?” ಪಂಪಣ್ಣನಿಗೆ ಅರ್ಥವಾಗಲಿಲ್ಲ. “ಮನೆಗೆ ಹೋಗಿರಬೇಕು.”

ಗುರು ಮತ್ತೆ ಸೂಜಿ ಹಿಡಿದ. “ಹಾಗಾದರೆ ಒಬ್ಬ ಸಾಹುಕಾರನ ಕತೆ ಹೇಳುತ್ತೇನೆ, ಕೇಳು” ಎಂದ.

ಒಂದು ಊರಿನಲ್ಲಿ ಒಬ್ಬ ಸಾಹುಕಾರನಿದ್ದ. ಅವನ ಮನೆಯ ಹಿಂದೆ ಒಂದು ಕೊಟ್ಟಿಗೆ. ಕೊಟ್ಟಿಗೆಯಲ್ಲಿ ಒಂದು ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರ ಅಂಚಿನಲ್ಲಿ ಕೂತು, ಕಾಲನ್ನು ಒಳಗೆ ಇಳಿಬಿಟ್ಟು ಹಲಗೆ ತುಳಿಯುತ್ತಾ ನೇಯುವ ಮಗ್ಗ ಅದು. ಮಗ್ಗ ಸಾಹುಕಾರನದು, ನೂಲು ಸಾಹುಕಾರನದು, ನೇಯ್ದ ಬಟ್ಟೆಯೂ ಸಾಹುಕಾರನದೇ. ಕಾಲು ಮಾತ್ರ ನೇಕಾರನದು. ನೇಕಾರ ಮತ್ತು ಅವನ ಹೆಂಡತಿ ಅದೇ ಕೊಟ್ಟಿಗೆಯ ಮೂಲೆಯಲ್ಲಿ ಬದುಕುತ್ತಿದ್ದರು.

ಆ ಕುಣಿಯಲ್ಲಿ ನೀರು ಬರುತ್ತಿತ್ತು. ಮಳೆಗಾಲವಿರಲಿ, ಬೇಸಿಗೆಯಿರಲಿ, ಬೆಳಗ್ಗೆ ಎದ್ದು ನೋಡಿದರೆ ಕುಣಿಯ ತಳದಲ್ಲಿ ನೀರು ನಿಂತಿರುತ್ತಿತ್ತು. ಹೆಂಡತಿ ಗಡಿಗೆಯಲ್ಲಿ ಮೊಗೆದು ಹೊರಗೆ ಚೆಲ್ಲುತ್ತಿದ್ದಳು. ಎಷ್ಟು ಮೊಗೆದರೂ ಕೆಸರು ಉಳಿಯುತ್ತಿತ್ತು. ನೇಕಾರ ದಿನವಿಡೀ ಅದರಲ್ಲೇ ಕಾಲಿಟ್ಟು ನೇಯುತ್ತಿದ್ದ. ಮೊದಲು ಬೆರಳ ಸಂದಿ ಬೆಳ್ಳಗಾಯಿತು. ಆಮೇಲೆ ಚರ್ಮ ಸುಲಿಯಿತು. ಆಮೇಲೆ ಕೀವಾಯಿತು. ನಾಟಿ ವೈದ್ಯ ಬಂದು ನೋಡಿ, ಕಾಲು ಒಣಗಿರಬೇಕು, ಇಲ್ಲದಿದ್ದರೆ ಬೆರಳು ಉಳಿಯುವುದಿಲ್ಲ ಎಂದ. ಹಲಗೆ ತುಳಿಯದ ನೇಕಾರನಿಗೆ ಯಾರೂ ಕೂಲಿ ಕೊಡುವುದಿಲ್ಲ. ಕಾಲು ಹೋದರೆ ಮಗ್ಗ ಹೋಯಿತು, ಮಗ್ಗ ಹೋದರೆ ಕೊಟ್ಟಿಗೆಯ ಮೂಲೆಯೂ ಹೋಯಿತು.

ಸಾಹುಕಾರ ಕೆಟ್ಟವನಲ್ಲ. ಇದನ್ನು ಸರಿಯಾಗಿ ಕೇಳಿಸಿಕೋ. ಕೆಟ್ಟವನಾಗಿದ್ದರೆ ಈ ಕತೆ ಬೇಗ ಮುಗಿಯುತ್ತಿತ್ತು. ಅವನಿಗೆ ಮರುಕವಿತ್ತು. ಸಂಜೆ ಕೊಟ್ಟಿಗೆಗೆ ಬಂದು ನೇಕಾರನ ಕಾಲು ನೋಡಿ, “ಅಯ್ಯೋ” ಎನ್ನುತ್ತಿದ್ದ. ಆ ಅಯ್ಯೋ ಸುಳ್ಳಲ್ಲ.

ಅವನಿಗೊಂದು ಪದ್ಧತಿಯಿತ್ತು. ರಾತ್ರಿ ಬಚ್ಚಲಿಗೆ ಹೋಗಿ, ಹಂಡೆಯ ಬಿಸಿನೀರಿನಲ್ಲಿ ಮೀಯುತ್ತಿದ್ದ. ದಿನದ ಕೊಳೆ ಹೋಗದೆ ದಿನದ ಮಾತು ಬರೆಯಬಾರದು ಎಂಬುದು ಅವನ ನಂಬಿಕೆ. ಮಿಂದು, ಒಗೆದ ಬಟ್ಟೆ ಉಟ್ಟು, ಜಗಲಿಯಲ್ಲಿ ದೀಪ ಹಚ್ಚಿ, ಕೂತು ಬರೆಯುತ್ತಿದ್ದ. ಮನಸ್ಸಿಗೆ ಹೆಚ್ಚು ನೋವಾದ ದಿನ ಹೆಚ್ಚು ಹೊತ್ತು ಮೀಯುತ್ತಿದ್ದ. ನೇಕಾರನ ಕಾಲು ನೋಡಿ ಬಂದ ದಿನವಂತೂ ಹಂಡೆ ಖಾಲಿಯಾಗುವವರೆಗೂ ಬಚ್ಚಲಿನಿಂದ ಹೊರಗೆ ಬರುತ್ತಿರಲಿಲ್ಲ.

ಕುಣಿಗೆ ನೀರು ಎಲ್ಲಿಂದ ಬರುತ್ತದೆ? ಇದು ಅವನಿಗೆ ದೊಡ್ಡ ಕುತೂಹಲವಾಯಿತು. ಅದನ್ನೇ ಬರೆಯತೊಡಗಿದ. ಕೊಟ್ಟಿಗೆಯ ಕೆಳಗೆ ಹಿಂದೆ ಯಾರೋ ಮುಚ್ಚಿದ ಬಾವಿ ಇರಬಹುದು ಎಂದು ಒಂದು ದಿನ ಬರೆದ. ದೂರದ ಹೊಳೆಯ ಕವಲೊಂದು ನೆಲದೊಳಗೆ ಹರಿಯುತ್ತಿರಬಹುದು ಎಂದು ಇನ್ನೊಂದು ದಿನ ಬರೆದ. ನೆಲಕ್ಕೂ ದುಃಖವಿದೆ, ಅದು ಹೀಗೆ ಒಸರುತ್ತದೆ ಎಂದು ಮತ್ತೊಂದು ದಿನ ಬರೆದ. ಅದು ಅವನಿಗೇ ಬಹಳ ಹಿಡಿಸಿತು. ನೀರು ತೋರಿಸುವವನೊಬ್ಬನನ್ನು ಕರೆಸಿದ. ಅವನು ಬೇವಿನ ಕವಲುಕಡ್ಡಿ ಹಿಡಿದು ಕೊಟ್ಟಿಗೆಯ ಸುತ್ತ ತಿರುಗಿ, ಇಲ್ಲಿ ಬಾವಿ ತೋಡಿಸಿರಿ, ಒಳ್ಳೆಯ ನೀರಿದೆ ಎಂದು ಹೇಳಿ, ಊಟ ಮಾಡಿ ಹೋದ. ಸಾಹುಕಾರ ಅದನ್ನೂ ಬರೆದ. ಕೊಟ್ಟಿಗೆಯ ಗೋಡೆಯ ಆಚೆ ಏನಿದೆ ಎಂದು ಮಾತ್ರ ಅವನು ಒಮ್ಮೆಯೂ ಬಗ್ಗಿ ನೋಡಲಿಲ್ಲ.

ಒಂದು ದಿನ ನೇಕಾರ ಕುಂಟುತ್ತಾ ಜಗಲಿಗೆ ಬಂದ. ಹಿಂದೆ ಹೆಂಡತಿಯೂ ಬಂದಳು.

“ಸಾವ್ಕಾರ್ರ, ಜಗಲಿ ಒಣಗೇತಿ. ಇಲ್ಲೇ ಒಂದು ಕುಣಿ ತೋಡಿ ಮಗ್ಗ ಹೂಡ್ಲೇನ್ರಿ?”

“ಇಲ್ಲಿ ನಾನು ಬರೆಯುತ್ತೇನಲ್ಲಪ್ಪ. ಇಲ್ಲಿ ಮಗ್ಗ ಲಟಕ್ ಲಟಕ್ ಅಂದರೆ ನಿನ್ನ ಕಷ್ಟದ ಬಗ್ಗೆ ಹೇಗೆ ಬರೆಯಲಿ? ಕೂತುಕೋ. ನಿನ್ನ ಬಗ್ಗೆ ಏನು ಬರೆದಿದ್ದೇನೆ ಕೇಳು.”

ಸಾಹುಕಾರ ಓದಿದ. ಓದುತ್ತಲೇ ಕಣ್ಣೊರೆಸಿಕೊಂಡ. ನೇಕಾರನ ಕಣ್ಣಲ್ಲೂ ನೀರು ಬಂತು. ತನ್ನ ಕಾಲಿನ ಬಗ್ಗೆ ಇಷ್ಟೊಂದು ಮಾತಿದೆಯೆಂದು ಅವನಿಗೆ ಗೊತ್ತಿರಲಿಲ್ಲ. ಅವನು ಕೈ ಮುಗಿದ.

ಹೆಂಡತಿ ಕೈ ಮುಗಿಯಲಿಲ್ಲ. “ಭಾಳ ಚೆಂದ ಬರದೀರಿ ಸಾವ್ಕಾರ್ರ,” ಎಂದಳು. “ಕಾಲು ಮಾತ್ರ ಹಂಗೇ ಅದಾವ.”

ಅಂದು ಸಾಹುಕಾರನಿಗೆ ಆ ಮಾತು ಚುಚ್ಚಿತು. ರಾತ್ರಿ ಹಂಡೆ ಖಾಲಿಯಾಗುವವರೆಗೆ ಮಿಂದ. ಅವಳ ಮಾತನ್ನೂ ಬರೆದ. ನಿದ್ದೆ ಬಂತು.

ಹೀಗೆ ಕಾಲ ಹೋಯಿತು. ನೇಕಾರನ ಒಂದು ಬೆರಳು ಹೋಯಿತು.

ಸಾಹುಕಾರ ಬರೆಯುವುದು ಹೆಚ್ಚಾದಂತೆ ಶಾಯಿಯೂ ಹೆಚ್ಚು ಬೇಕಾಯಿತು. ಪುಡಿ ತರಿಸಿ, ಒಂದು ಹೂಜಿಯಲ್ಲಿ ಕಲಸಿಟ್ಟುಕೊಂಡಿದ್ದ. ಒಂದು ರಾತ್ರಿ ಬರೆಯಲು ಕೂರುವಾಗ ಕೈ ತಾಗಿ ಹೂಜಿ ಉರುಳಿತು. ಮೈಕೈ, ಪಂಚೆ, ಜಗಲಿ, ಎಲ್ಲ ನೀಲಿ. ಅವನು ಮತ್ತೆ ಬಚ್ಚಲಿಗೆ ಹೋಗಿ ಪಂಚೆ ಹಿಂಡಿದ, ಮೈ ತೊಳೆದ, ಜಗಲಿ ಒರೆಸಿದ ಬಟ್ಟೆಯನ್ನೂ ಅಲ್ಲೇ ತೊಳೆದ. ಬೆರಳಿನ ಬಣ್ಣ ಮಾತ್ರ ಹೋಗಲಿಲ್ಲ.

ಮರುದಿನ ಬೆಳಗ್ಗೆ ಕೊಟ್ಟಿಗೆಯ ಕಡೆಯಿಂದ ಕೂಗು ಕೇಳಿಸಿತು. ಸಾಹುಕಾರ ಓಡಿ ಹೋದ. ನೇಕಾರ ಕುಣಿಯಿಂದ ಕಾಲು ಮೇಲೆತ್ತಿ ಕೂತಿದ್ದ. ಪಾದದಿಂದ ಕಣಕಾಲಿನವರೆಗೆ ನೀಲಿ.

“ವಿಷ ಏರೇತೇನ್ರಿ ಸಾವ್ಕಾರ್ರ?” ಎಂದು ನೇಕಾರ ಕೇಳಿದ.

ಹೆಂಡತಿ ಕುಣಿಯ ನೀರಿನಲ್ಲಿ ಕೈ ಅದ್ದಿ ನೋಡಿದಳು. ಮಗ್ಗದ ಮೇಲಿದ್ದದ್ದು ಬರೀ ಬಿಳಿ ನೂಲು. ಆಮೇಲೆ ಸಾಹುಕಾರನ ಬೆರಳು ನೋಡಿದಳು. ಸಾಹುಕಾರನೂ ತನ್ನ ಬೆರಳು ನೋಡಿಕೊಂಡ.

ಹೆಂಡತಿ ಎದ್ದು ಗೋಡೆಯ ಆಚೆ ಹೋದಳು. ಸಾಹುಕಾರನ ಬಚ್ಚಲಿನ ತೂಬು ಅಲ್ಲಿತ್ತು. ತೂಬಿನ ನೀರು ಗೋಡೆಯ ಬುಡಕ್ಕೆ ಬಂದು, ಬುಡದೊಳಗೆ ಇಂಗುತ್ತಿತ್ತು. ದಾರಿಯುದ್ದಕ್ಕೂ ಮಣ್ಣು ನೀಲಿಯಾಗಿತ್ತು.

ಈಗ ಹೇಳು ಪಂಪಣ್ಣ, ಸಾಹುಕಾರ ಏನು ಮಾಡಿರಬಹುದು?

“ಹಾರೆ ತಗೊಂಡು ಕಾಲುವೆ ತೋಡಿರಬೇಕು,” ಎಂದ ಪಂಪಣ್ಣ.

ಇಲ್ಲ. ಅವನು ಬರೆದ. ಅಂದು ಅವನ ಎದೆ ಒಡೆದುಹೋಗಿತ್ತು. ಸಂಜೆಯೇ ಬಚ್ಚಲಿಗೆ ಹೋದ. ಒಂದು ಹಂಡೆ ಸಾಲಲಿಲ್ಲ, ಇನ್ನೊಂದು ಕಾಯಿಸಿದ. ಮಿಂದು ಬಂದು, ಅಲ್ಲಿಯವರೆಗೆ ಬರೆದದ್ದರಲ್ಲೆಲ್ಲ ಅತಿ ಒಳ್ಳೆಯದನ್ನು ಬರೆದ. ‘ಆ ನೀರು ನನ್ನದು. ನನ್ನ ಕೊಳೆಯಲ್ಲಿ ಅವನ ಕಾಲು ಕೊಳೆಯಿತು. ನಾನೇ ತಪ್ಪಿತಸ್ಥ.’ ಒಂದಕ್ಷರವೂ ಸುಳ್ಳಲ್ಲ. ಬರೆದು ಮುಗಿಸಿದಾಗ ಎಂದೂ ಕಾಣದಷ್ಟು ಹಗುರವಾಯಿತು. ಮಗುವಿನಂತೆ ಮಲಗಿದ.

ಬೆಳಗ್ಗೆ ನೋಡಿದರೆ ಕುಣಿಯಲ್ಲಿ ಎಂದಿಗಿಂತ ಹೆಚ್ಚು ನೀರು.

ನೇಕಾರನ ಹೆಂಡತಿ ಅಂದು ನೀರು ಮೊಗೆಯಲಿಲ್ಲ. ಗಡಿಗೆಯನ್ನು ಮೂಲೆಯಲ್ಲಿಟ್ಟಳು. ಗೋಡೆಯ ಆಚೆ ಹೋಗಿ ತೂಬಿನ ಬಾಯಿಗೆ ಹಳೆಯ ಬಟ್ಟೆ ತುರುಕಿದಳು, ಕಲ್ಲು ಇಟ್ಟಳು, ಜೇಡಿಮಣ್ಣು ಮೆತ್ತಿದಳು. ಗಂಡ ಹೆದರಿ, “ಸಾವ್ಕಾರ್ರು ಏನಂತಾರ?” ಎಂದ. “ಏನಂತಾರ? ಬರೀತಾರ,” ಎಂದಳು.

ಅಂದು ರಾತ್ರಿಯೂ ಸಾಹುಕಾರ ಮಿಂದ, ಬರೆದ, ಮಲಗಿದ. ಬಚ್ಚಲಿನಲ್ಲಿ ನಿಂತ ನೀರು ಹೊಸ್ತಿಲು ದಾಟಿತು. ಮಲಗುವ ಕೋಣೆಗೆ ಬಂತು. ನೆಲದ ಮೇಲೆ ಹಾಸಿದ ಹಾಸಿಗೆಯ ಕೆಳಗೆ ಬಂತು. ಅವನು ಒದ್ದೆ ಬೆನ್ನಿನಲ್ಲಿ ಎದ್ದು ಕೂತ. ಬಿಸಿಯಾಗಿದ್ದ ನೀರು ಈಗ ತಣ್ಣಗೆ ಕೊರೆಯುತ್ತಿತ್ತು. ಅದರಲ್ಲಿ ತನ್ನದೇ ಮೈಯ ಕೊಳೆಯ ನಾತ. ಅವನು ಓಣಿಗೆಲ್ಲ ಕೇಳುವ ಹಾಗೆ ಕಿರುಚಿದ.

ನೇಕಾರನ ಹೆಂಡತಿ ಬಾಗಿಲಿಗೆ ಬಂದು ನಿಂತಳು.

“ಯಾಕ್ರಿ ಸಾವ್ಕಾರ್ರ, ಹಿಂಗ್ಯಾಕ ಒದರ್ತೀರಿ? ಕೂತು ಬರೀರಲ್ಲ. ಹಗರ ಆಗತೈತಿ.”

ಸಾಹುಕಾರ ಮತ್ತೆ ಬರೆಯಲು ಕೂರಲಿಲ್ಲ. ಬೆಳಕು ಹರಿಯುವ ಮುಂಚೆ ಹಾರೆ ಹಿಡಿದು, ತನ್ನ ಕೈಯಾರೆ ತೂಬಿನ ಬಾಯಿಯ ಕಲ್ಲುಮಣ್ಣು ತೆಗೆದು, ಅಲ್ಲಿಂದ ತೆಂಗಿನ ಗಿಡಗಳ ಕಡೆಗೆ ಕಾಲುವೆ ತೋಡಿದ. ಬಿಸಿಲೇರುವ ಮುಂಚೆ ಕೆಲಸ ಮುಗಿಯಿತು. ಅಷ್ಟೇ ಕೆಲಸ. ಅಷ್ಟು ಕೆಲಸಕ್ಕೆ ವರ್ಷಗಟ್ಟಲೆ ಕಣ್ಣೀರು, ಶಾಯಿ, ಕವಲುಕಡ್ಡಿ, ನೆಲದ ದುಃಖ! ಕುಣಿ ಒಣಗಿತು. ನೇಕಾರನ ಉಳಿದ ಬೆರಳುಗಳು ಉಳಿದವು. ಹೋದ ಬೆರಳು ಬರಲಿಲ್ಲ.

ಗುರು ದಾರವನ್ನು ಹಲ್ಲಿನಲ್ಲಿ ಕಡಿದ. ಅಂಗಿಯನ್ನು ಕೊಡವಿ ನೋಡಿದ.

“ಭಾರ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆಯಲ್ಲ. ಅದು ಎಲ್ಲಿಗೂ ಹೋಗುವುದಿಲ್ಲ. ತಗ್ಗು ಎಲ್ಲಿದೆಯೋ ಅಲ್ಲಿಗೆ ಇಳಿಯುತ್ತದೆ. ತಗ್ಗಿನಲ್ಲಿ ಯಾರದೋ ಕಾಲಿರುತ್ತದೆ.”

ಪಂಪಣ್ಣ ತೊಡೆ ತಟ್ಟಿ ನಕ್ಕ. ಅವನಿಗೆ ಕತೆ ಬಹಳ ಹಿಡಿಸಿತ್ತು. “ಸರಿಯಾಗಿ ಮಾಡಿದಳು ಗುರುಗಳೇ ಆ ಹೆಂಗಸು! ಅವನೆಂಥ ಮನುಷ್ಯ! ತನ್ನ ಬಚ್ಚಲಿನ ನೀರು ಎಲ್ಲಿಗೆ ಹೋಗುತ್ತದೆ ಎಂದು ನೋಡಲು ಗೋಡೆಯ ಆಚೆ ಹೋಗಿದ್ದರೆ ಸಾಕಿತ್ತು. ಕಣ್ಣೆದುರಿಗಿದ್ದದ್ದು ಕಾಣಿಸಲಿಲ್ಲವಲ್ಲ! ಇದನ್ನು ಇವತ್ತು ರಾತ್ರಿ ಹಾಗೇ ಬರೆದಿಡುತ್ತೇನೆ.”

ಅವನು ನಕ್ಕಾಗ ಸೊಂಟದ ಗೊಂಚಲು ಝಣಗುಟ್ಟಿತು. ಗುರು ನಗಲಿಲ್ಲ. ಕುತೂಹಲದಿಂದ ಆ ಗೊಂಚಲಿನ ಕಡೆಗೆ ಬಗ್ಗಿ ನೋಡಿ ಕೇಳಿದ:

“ಇದರಲ್ಲಿ ಊಟದ ಪಡಸಾಲೆಯ ಬೀಗದ ಕೈ ಯಾವುದು, ಪಂಪಣ್ಣ?”