ಎಂಡ್ಯೂರ್ ಎಂಬ ಮಾತಿಗೆ ತಲೆ ಒತ್ತೆ

"ಕೇಳಿರಪ್ಪೋ ಕೇಳಿರಿ! ನಮ್ಮ ದೊರೆ ಸರ್ಜಪ್ಪನಾಯಕರ ಮಗಳು ನಾಗಾಜಮ್ಮಣ್ಣಿಯವರು ಇಂಗ್ಲೀಷು ಕಲಿತಿದ್ದಾರೆ. ಅದರಲ್ಲಿ ಎಂಡ್ಯೂರ್ ಅನ್ನುವ ಮಾತೊಂದಿದೆಯಂತೆ. ಆ ಮಾತಿನ ಮೇಲೆ ಮೂರು ಒಗಟು ಹಾಕುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಮಗಳು ಮತ್ತು ಅರ್ಧ ಸೀಮೆ. ಒಂದು ತಪ್ಪಿದರೂ ಬರುವ ಅಮಾವಾಸ್ಯೆಗೆ ತಲೆ ಹೋಗುತ್ತದೆ!"

ಗವಿದುರ್ಗದ ಬೀದಿಗಳಲ್ಲಿ ಹೀಗೆ ಡಂಗುರ ಸಾರಿದರು. ಒಗಟು ಮಗಳದು, ತಲೆಯ ಮಾತು ಅಪ್ಪನದು. ಬಂದು ಹೋದವರೆಲ್ಲ ರಾಜಕುಮಾರಿಯ ಮೇಲೆ ನಗಾಡಬಾರದೆಂದು ದೊರೆ ಅದನ್ನು ತಾವೇ ಸೇರಿಸಿದ್ದರು. ಮಗಳು ಬೇಡವೆಂದು ಎಷ್ಟು ಹೇಳಿದರೂ ಕೇಳಿರಲಿಲ್ಲ.

ಆದರೂ ಗಂಡುಗಳು ಬಂದರು. ರಾಜಕುಮಾರಿ ಎಲ್ಲರಿಗೂ ಮೊದಲೇ ಹೇಳಿಬಿಡುತ್ತಿದ್ದಳು: "ಎಂಡ್ಯೂರ್ ಅಂದರೆ ನಮ್ಮಲ್ಲಿ ತಾಳಿಕೊಳ್ಳುವುದು. ಅರ್ಥ ಸುಲಭ. ಅದನ್ನು ಎಲ್ಲಿ ಆಡಬೇಕು, ಯಾರು ಆಡಬೇಕು ಅನ್ನುವುದೇ ಒಗಟು."

ಪಾಳೆಯಗಾರರ ಮಗ ರಂಗರಾಜ ಮೊದಲ ಒಗಟಿಗೆ "ತೋಳಿನ ಬಲ" ಎಂದು ಮೀಸೆ ತಿರುವಿದ. ಅವನನ್ನು ಸೆರೆಗೆ ನೂಕಿದರು. ಕುದುರೆ ವ್ಯಾಪಾರಿಯ ಮಗ "ಉಸಿರು" ಎಂದ. ಅವನೂ ಸೆರೆಗೆ ಹೋದ. ಗೆಳೆಯರು ಕೆಣಕಿದರೆಂದು ಪಲ್ಲಕ್ಕಿ ಹೊರುವ ಓಬಳನೂ ಹೋಗಿ ನಿಂತ. ಮೊದಲನೆಯದನ್ನು ಹೇಗೋ ದಾಟಿದ, ಎರಡನೆಯದಕ್ಕೆ ಸಿಕ್ಕಿಬಿದ್ದ.

ಓಬಳನ ತಮ್ಮ ಮುದ್ದೀರ. ಅವರ ತಾಯಿ ತಿಪ್ಪವ್ವ ಊರೂರು ತಿರುಗಿ ಹಚ್ಚೆ ಹಾಕುವವಳು. ತಾಯಿ ಹಾಡು ಹೇಳುತ್ತ ಸೂಜಿ ಚುಚ್ಚುವಾಗ ಹೆಣ್ಣುಮಕ್ಕಳ ಕೈ ಹಿಡಿದು ಕೂರುವುದು ಮುದ್ದೀರನ ಕೆಲಸ. ಅಮಾವಾಸ್ಯೆಯ ಹಿಂದಿನ ದಿನ ಅವನು ಮನೆದೇವರಿಗೆ ಕೈಮುಗಿದು ಅರಮನೆಯ ಮೆಟ್ಟಿಲು ಹತ್ತಿದ.

"ಏನೋ, ಅಣ್ಣನ ತಲೆ ಸಾಲದು ಅಂತ ನಿನ್ನದನ್ನೂ ತಂದೆಯಾ?" ಎಂದು ಕಾವಲುಗಾರ ನಕ್ಕ.

"ಅವನದನ್ನ ಬಿಡಿಸ್ಕೊಂಡು ಹೋಗಾಣ ಅಂತ ಬಂದೆ ಕಣಣ್ಣ. ದಾರಿ ಬಿಡು."

ಸಭೆ ತುಂಬಿತ್ತು. ರಾಜಕುಮಾರಿ ಮೊದಲ ಒಗಟು ಹಾಕಿದಳು. "ಅದು ಬಂಡೆಗಿಲ್ಲ, ಹಸುಗೂಸಿಗಿದೆ. ಅದು ಇಲ್ಲದ ಕಡೆ ಈ ಮಾತಿಗೆ ಕೆಲಸವೇ ಇಲ್ಲ. ಏನದು?"

"ನೋವು ಕಣಮ್ಮಣ್ಣಿ," ಎಂದ ಮುದ್ದೀರ. "ಬಂಡೆ ಬಿಸಿಲಲ್ಲಿ ಬಿದ್ದಿರ್ತದೆ. ಅದಕ್ಕೆ ನೋವಿಲ್ಲ, ಅದು ತಾಳ್ಕಂಡ್ತು ಅನ್ನೋಕಾಗಲ್ಲ. ಹಚ್ಚೆ ಚುಚ್ಚಿದಾಗ ಹುಡುಗಿ 'ಅವ್ವಾ' ಅಂತಾಳಲ್ಲ, ಅಂಥವಳಿಗೇ ಈ ಮಾತು ಸಲ್ಲೋದು."

ರಾಜಕುಮಾರಿ ತಲೆದೂಗಿದಳು. "ಮನೆ ಸುಡುತ್ತಿದೆ, ಬಾಗಿಲು ತೆರೆದಿದೆ, ತಡೆಯುವವರಿಲ್ಲ. ಒಳಗಿರುವಾಕೆ ಹೊರಗೆ ಬರಳು. ಅವಳು ಯಾರು?"

"ಇವನಣ್ಣ ಇದಕ್ಕೇ 'ಹುಚ್ಚಿ' ಅಂದಿದ್ದು!" ಎಂದು ಯಾರೋ ಕೂಗಿದರು. ಸಭೆ ಗೊಳ್ಳೆಂದಿತು.

ಮುದ್ದೀರನಿಗೂ ನಗು ಬಂತು. "ನಮ್ಮಣ್ಣ ಹಂಗೇ, ಬಾಯಿಗೆ ಬಂದದ್ದು ಅಂದ್ಬಿಡ್ತಾನೆ," ಎಂದು ಕೈ ಚಾಚಿ ತೋರಿಸಿದ. "ನಾನು ಹೆಣ್ಮಕ್ಕಳ ಕೈನ ಹಿಂಗೆ ಹಿಡಿಯೋದು, ಬಿಗಿಯಾಗಲ್ಲ. ಎಳಕಂಡ್ರೆ ಬಿಟ್ಬಿಡಬೇಕು ಅಂತ ನಮ್ಮವ್ವ ಹೇಳವ್ಳೆ. ಕಣ್ಣಲ್ಲಿ ನೀರು ಸುರೀತಿರ್ತದೆ, ಉರಿ ಮೊಣಕೈಗಂಟ ಏರಿರ್ತದೆ, ಆದ್ರೂ ಎಳಕಳಲ್ಲ. ತೋಳ ಮೇಲೆ ಹೂ ಅರಳ್ತದೆ ಅಂತ ಕಾಯ್ತಾ ಇರ್ತಾಳೆ. ನಿಮ್ಮ ಸುಡೋ ಮನೇಲಿರೋಳು ಆ ಹುಡುಗಿ."

"ಇದೂ ಸರಿ," ಎಂದ ರಾಜಕುಮಾರಿ ಒಮ್ಮೆ ತಂದೆಯ ಕಡೆ ನೋಡಿ, ಮೂರನೆಯದನ್ನು ತಗ್ಗಿದ ದನಿಯಲ್ಲಿ ಕೇಳಿದಳು. "ಈ ಮಾತು ಎಲ್ಲರ ಬಾಯಲ್ಲೂ ಅಮೃತ. ಒಬ್ಬನ ಬಾಯಲ್ಲಿ ಮಾತ್ರ ವಿಷ. ಆ ಒಬ್ಬ ಯಾರು?"

ಈ ಮೂರನೆಯ ಒಗಟಿನವರೆಗೆ ಬಂದಿದ್ದ ಒಬ್ಬನೇ ಒಬ್ಬ ರಾಜಕುಮಾರ ದೊರೆಯ ಮುಖ ನೋಡಿ, ಬೆವರಿ, "ಹೇಡಿ" ಎಂದು ಸೆರೆಗೆ ಹೋಗಿದ್ದ. ಮುದ್ದೀರನೂ ದೊರೆಯ ಮುಖ ನೋಡಿದ. ಉತ್ತರ ಅವನಿಗೆ ತಿಳಿದಿತ್ತು. ಆಡಿದರೆ ಅಣ್ಣನಿಗಿಂತ ಮೊದಲು ತನ್ನ ತಲೆಯೇ ಹೋಗಬಹುದು. ಆಡದಿದ್ದರೆ ಇಬ್ಬರದೂ ಹೋಗುತ್ತದೆ. ಒಳಗೊಳಗೇ ದೇವರ ಹೆಸರು ಹೇಳಿಕೊಂಡ.

"ಸೂಜಿ ಹಿಡಿದೋನು, ಅಮ್ಮಣ್ಣಿ."

"ಬಿಡಿಸಿ ಹೇಳು."

"ಚುಚ್ಚುವಾಗ ನಮ್ಮವ್ವ ಹಾಡ್ತಾಳೆ, ಕತೆ ಹೇಳ್ತಾಳೆ. ತಾಳ್ಕೋ ಅಂತ ಒಂದು ದಿನಾನೂ ಅಂದೋಳಲ್ಲ. ಆ ಮಾತು ಕೈ ಹಿಡಿದಿರೋ ನಾನು ಹೇಳ್ಬೋದು, ಪಕ್ಕದಲ್ಲಿ ಕುಂತ ಅವರಕ್ಕ ಹೇಳ್ಬೋದು. ನೋವು ಕೊಡೋರೇ ತಾಳ್ಕೋ ಅಂದ್ರೆ ಅದು ಇನ್ನೊಂದು ಸೂಜಿ." ಅವನು ದೊರೆಯತ್ತ ತಿರುಗಿದ. "ನಿನ್ನೆ ನಮ್ಮವ್ವ ತಮ್ಮ ಪಾದಕ್ಕೆ ಬಿದ್ದು ಮಗನ್ನ ಬಿಡಿ ಅಂದ್ಲು. ತಾಳಿಕೋ ಮುದುಕಿ ಅಂದ್ರಿ. ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ, ಬುದ್ಧಿ."

ಕಾವಲಿನವರ ಕೈ ಕತ್ತಿಯ ಮೇಲೆ ಹೋಯಿತು. ದೊರೆ ಎದ್ದು ನಿಂತರು.

"ಮಗಳೇ, ಉತ್ತರ ಸರಿಯೋ?"

"ಸರಿ, ಅಪ್ಪಾಜಿ. ಈ ಮೂರನೆಯದನ್ನು ಹಾಕಿದ್ದೇ ಇದೊಂದು ಮಾತು ನಿಮ್ಮ ಕಿವಿಗೆ ಬೀಳಲಿ ಅಂತ. ನನ್ನ ಮಾತು ಕೇಳಲಿಲ್ಲ ನೀವು."

ದೊರೆ ಮುದಿ ಮಂತ್ರಿಯತ್ತ ತಿರುಗಿ, "ನಿಮಗೆ ಇದು ಗೊತ್ತಿತ್ತೇನ್ರೀ?" ಎಂದು ಕೇಳಿದರು.

"ಗೊತ್ತಿತ್ತು ಪ್ರಭು. ಆದರೆ ನನ್ನ ಕತ್ತೂ ನನಗೆ ಬೇಕಾಗಿತ್ತು."

ದೊರೆಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕಣ್ಣೊರೆಸಿಕೊಂಡರು. ಸೆರೆಮನೆಯ ಬೀಗದ ಕೈ ತರಿಸಿ, ಆಳಿಗೆ ಕೊಡದೆ ತಾವೇ ಮೆಟ್ಟಿಲಿಳಿದು ಹೋಗಿ ಬಾಗಿಲು ತೆಗೆದರು. ಸೆರೆಯಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಬೆಳಕಿಗೆ ಬಂದರು. ಕೊನೆಗೆ ಓಬಳ ಬಂದ. ಅವನನ್ನು ದೊರೆ ತಿಪ್ಪವ್ವನ ಬಳಿಗೆ ಕರೆದುಕೊಂಡು ಹೋದರು. ಅವಳೆದುರು ಏನು ಹೇಳಬೇಕೋ ತೋಚದೆ, ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದು ನಿಂತರು.

ಸಾರಿದ ಮಾತಿನಂತೆ ಮುದ್ದೀರನಿಗೆ ಅರ್ಧ ಸೀಮೆಯೂ ಬಂತು, ನಾಗಾಜಮ್ಮಣ್ಣಿಯೂ ಮನಸಾರೆ ಒಲಿದಳು. ತಲೆ ತೆಗೆಯುವ ಶಿಕ್ಷೆ ಆ ಸೀಮೆಯಲ್ಲಿ ಅಂದಿಗೇ ನಿಂತಿತು.

ಓಬಳ ಮಾತ್ರ ತಮ್ಮನ ಮದುವೆಯ ಊಟಕ್ಕೆ ಕೂತವನು ಕೇಳಿದ: "ಹುಚ್ಚಿ ಅಂದಿದ್ದು ಅಷ್ಟೊಂದು ತಪ್ಪೇನ್ಲಾ? ನಿನ್ನನ್ನ ಕಟ್ಕೊಂಡ್ಲಲ್ಲ!"

ರಾಜಕುಮಾರಿಯೇ ಎಲ್ಲರಿಗಿಂತ ಜೋರಾಗಿ ನಕ್ಕಳು. ಆ ನಗು ಕೇಳಿದ ದೇವರು ಅವರ ಮನೆಯನ್ನು ತಂಪಾಗಿ ಇಟ್ಟ. ನಮ್ಮ ನಿಮ್ಮ ಮನೆಗಳನ್ನೂ ಹಾಗೆಯೇ ಇಡಲಿ.