ಹಗೇವಿಗಿಳಿದ ಹಣತೆ

ನಿಮ್ಮ ಅಜ್ಜನ ಅಜ್ಜ ಇನ್ನೂ ತೊಟ್ಟಿಲಿಗೆ ಬರದ ಕಾಲ. ಎರೆಮಣ್ಣಿನ ಒಂದೂರಿನಲ್ಲಿ ನೀಲಗಂಗವ್ವ ಅಂತ ಒಬ್ಬಳಿದ್ದಳಂತೆ. ಯಾವ ಊರು ಅಂತ ಕೇಳಬೇಡಿ, ಸುತ್ತಲಿನ ಎಲ್ಲ ಊರಿನವರೂ ನಮ್ಮವಳೇ ಅಂತಾರೆ. ದೆವ್ವದ ಜುಟ್ಟು ಹಿಡಿದು ಎಳೆದಳು ಅಂತಲೂ ಅಂತಾರೆ. ನಾನು ಕೇಳಿದ್ದನ್ನು ಹೇಳುತ್ತೇನೆ, ನಡುವೆ ಬಾಯಿ ಹಾಕಬೇಡಿ.

ಆಗ ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ನೆಲದಲ್ಲಿ ಬಾವಿಯ ಹಾಗೆ ತೋಡಿದ ಕಣಜ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಮಾತ್ರ ಮನೆಯಷ್ಟು. ಕಾಳು ತುಂಬಿ, ಕಲ್ಲು ಮುಚ್ಚಿ, ಮಣ್ಣು ಮೆತ್ತಿದರೆ ಇಲಿಯ ಕಾಟವೂ ಇಲ್ಲ, ಕಳ್ಳರ ಕಾಟವೂ ಇಲ್ಲ. ಆದರೆ ಕಲ್ಲು ತೆಗೆದ ದಿನ ಒಳಗೆ ಇಳಿದವನು ಒಮ್ಮೊಮ್ಮೆ ಜೀವಂತವಾಗಿ ಮೇಲೆ ಬರುತ್ತಿರಲಿಲ್ಲ. ಮೈಮೇಲೆ ಗಾಯವಿಲ್ಲ, ಹಾವು ಕಚ್ಚಿದ ಗುರುತಿಲ್ಲ. ತಳದಲ್ಲಿ ದೆವ್ವ ಕೂತಿದೆ, ಹಸಿದಾಗ ಒಬ್ಬರನ್ನು ತಿನ್ನುತ್ತದೆ ಅಂತ ಊರು ನಡುಗುತ್ತಿತ್ತಂತೆ.

ನೀಲಗಂಗವ್ವನ ಗಂಡ ಭರಮಪ್ಪ ಹಣತೆ ಹಿಡಿದು ಇಳಿದದ್ದು ಹಾಡುಹಗಲಲ್ಲಿ. “ದೀಪ ಹೋತು, ಇನ್ನೊಂದು ತಾ” ಅಂತ ಕೆಳಗಿನಿಂದ ಕೂಗಿದನಂತೆ. ಅವಳು ಎದ್ದು ಮನೆಯೊಳಗೆ ಹೋಗಿ ಇನ್ನೊಂದು ಹಚ್ಚಿ ತಂದಳು. ಅಷ್ಟರಲ್ಲಿ ಹಗೇವು ಸುಮ್ಮನಾಗಿತ್ತು. ಕೊಕ್ಕೆ ಹಾಕಿ ಅವನನ್ನು ಎಳೆದರು, ಕಲ್ಲು ಮುಚ್ಚಿದರು. ಹಣತೆ ಕಾಳಿನಲ್ಲೇ ಉಳಿಯಿತು. ಅಂದಿನಿಂದ ಯಾರಾದರೂ ‘ಇನ್ನೊಂದು ತಾ’ ಅಂದರೆ ಅವಳು ಕೈಲಿದ್ದ ಕೆಲಸ ಬಿಟ್ಟು ಹಗೇವಿನ ಕಡೆ ತಿರುಗುತ್ತಿದ್ದಳಂತೆ.

ಕೆಲವು ತಿಂಗಳಾದ ಮೇಲೆ ಮನೆಗಳ ಕಾಳು ತೀರಿತು. ಅದೇ ಹಗೇವು ತೆರೆಯಬೇಕು. ದೆವ್ವಕ್ಕೆ ರುಚಿ ಹತ್ತಿದ ಮನೆಯವರೇ ಇಳಿಯಲಿ, ಬೇರೆಯವರ ಮೈಗೆ ಅಂಟುವುದು ಬೇಡ ಅಂತ ಹಿರಿಯರು ತೀರ್ಮಾನಿಸಿದರು. ಎಂಥ ಹಿರಿಯರು ನೋಡಿ! ಆ ಮನೆಯಲ್ಲಿ ಉಳಿದ ಗಂಡಸು ಅವಳ ಜೊತೆ ಬಂದು ಇದ್ದ ತಮ್ಮ ಅಡಿವೆಪ್ಪ ಒಬ್ಬನೇ. ಅವತ್ತು ಮೊದಲು ಹೋದದ್ದು ದೀಪ, ಆಮೇಲೆ ಹೋದದ್ದು ಮನುಷ್ಯ. ಅದೊಂದನ್ನೇ ನೀಲಗಂಗವ್ವ ತಿರುಗಿಸಿ ತಿರುಗಿಸಿ ನೆನೆದಳಂತೆ.

ಕಲ್ಲು ತೆಗೆದಾಗ ಅವಳು ಹಣತೆ ಹಚ್ಚಿ, ಬುಟ್ಟಿಯಲ್ಲಿಟ್ಟು, ಹಗ್ಗದಿಂದ ಇಳಿಸಿದಳು. ಯಾರೋ ಬೆರಳಲ್ಲಿ ಚಿವುಟಿದ ಹಾಗೆ ಅದು ಹೋಯಿತು. ಜನ ಹಿಂದೆ ಸರಿದರು. ಊರ ಗೌಡರ ಮುಖ ಮಾತ್ರ ಅರಳಿತಂತೆ.

“ದೀಪ ತಿಂದು ಅದರ ಹೊಟ್ಟಿ ತುಂಬೇತಿ. ಲಗೂನ ಇಳಿಯಪಾ ಅಡಿವೆಪ್ಪ.”

ಅಡಿವೆಪ್ಪ ಇಳಿಯಲು ಕಾಲು ಚಾಚಿಯೂ ಬಿಟ್ಟಿದ್ದ. ಅಕ್ಕ ಅವನ ಧೋತ್ರ ಹಿಡಿದು ಹಿಂದೆ ಎಳೆದಳು.

“ಹೊಟ್ಟಿ ತುಂಬಿದ್ರ ಮತ್ತೊಂದು ತಿನ್ನೂದಿಲ್ಲಲ್ರಿ ಗೌಡ್ರ? ಮತ್ತೊಂದು ಇಳಸೂಣು.”

ಮತ್ತೊಂದನ್ನೂ ತಿಂದಿತು. ಅದರ ಮೇಲಿನದನ್ನೂ ತಿಂದಿತು. ಆಗ ಗೌಡರೂ ಹಿಂದೆ ಸರಿದರು. ಅಡುಗೆಮನೆಯಲ್ಲಿ ಹೊಗೆ ಕಟ್ಟಿದರೆ ಬೀಸಿ ಅಟ್ಟುತ್ತೇವಲ್ಲ, ಇದನ್ನೂ ಅಟ್ಟಿ ನೋಡೋಣ ಅಂತ ಅವಳು ಕಂಬಳಿಗೆ ಹಗ್ಗ ಕಟ್ಟಿ ಇಳಿಸಿ ಎತ್ತಿ, ಇಳಿಸಿ ಎತ್ತಿ ಬೀಸಿದಳಂತೆ. ಅವಳ ಅಂಗೈ ಕಿತ್ತುಬಂದ ಮೇಲೆ ಉಳಿದವರೂ ಕೈ ಹಚ್ಚಿದರು. ಹೊತ್ತು ಇಳಿಯುವ ಮುಂಚೆ ಇಳಿಸಿದ ದೀಪ ತಳ ಮುಟ್ಟಿಯೂ ಉರಿಯಿತಂತೆ.

ಈಗ ಓದಿದವರು ಅದರ ಗುಟ್ಟು ಕಂಡುಹಿಡಿದಿದ್ದಾರೆ. ಮುಚ್ಚಿಟ್ಟ ಕಾಳೂ ಉಸಿರಾಡುತ್ತದಂತೆ. ಒಳಗಿನ ಒಳ್ಳೆಯ ಗಾಳಿ ತಿಂದು ಕೆಟ್ಟ ಗಾಳಿ ಬಿಡುತ್ತದಂತೆ, ಅದು ಭಾರವಾಗಿ ತಳದಲ್ಲಿ ನೀರಿನ ಹಾಗೆ ನಿಲ್ಲುತ್ತದಂತೆ. ಅಯ್ಯೋ, ದೆವ್ವ ಅಲ್ಲವಾ ಅಂತ ನೀವು ನಗುತ್ತೀರಿ. ನನಗಂತೂ ಇದೇ ಹೆಚ್ಚು ಭಯ. ದೆವ್ವಕ್ಕಾದರೆ ಕೋಳಿ ಕೊಟ್ಟು ಕೈ ಮುಗಿಯಬಹುದು. ನಾವು ಉಣ್ಣುವ ಜೋಳವೇ ಕತ್ತಲಲ್ಲಿ ಕೂತು ನಮ್ಮ ಉಸಿರು ತಿಂದರೆ ಯಾರಿಗೆ ಕೈ ಮುಗಿಯುವುದು?

ಅಡಿವೆಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ದೀಪದ ಹಿಂದೆ ಇಳಿದ. ಅಕ್ಕ ಹಗ್ಗ ಹಿಡಿದು ಬಾಯಿಯ ಹತ್ತಿರ ಕೂತಳು. ಬುಟ್ಟಿಗಳು ಒಂದೊಂದೇ ಮೇಲೆ ಬಂದವು. ಆಮೇಲೆ ಬುಟ್ಟಿ ಬರಲಿಲ್ಲ, ಸದ್ದೂ ಬರಲಿಲ್ಲ. ಅವಳು ಬಾಗಿ ಕಿವಿಗೊಟ್ಟಳು. ತಳದಿಂದ ಸಣ್ಣಗೆ ದನಿ ಬಂತು.

“ಅಕ್ಕಾ, ಬುಟ್ಟಿ ಹರೀತು. ಇನ್ನೊಂದು ತಾ.”

ಅವಳು ಏಳಲಿಲ್ಲ. “ಎಳೀರೋ!” ಅಂತ ಚೀರಿ ಹಗ್ಗ ಜಗ್ಗಿದಳಂತೆ. ಊರೇ ಸೇರಿ ಜಗ್ಗಿತು. ಮೊಣಕೈ ತರಚಿಕೊಂಡು ಅಡಿವೆಪ್ಪ ಮೇಲೆ ಬಂದ.

“ಬುಟ್ಟಿ ಕೇಳಿದ್ರ ನನ್ನನ್ಯಾಕ ಎಳದೀ?” ಅಂತ ಬೈದ. ಬೈಯುವಷ್ಟು ಉಸಿರು ಇತ್ತಲ್ಲ ಅಂತ ಅವಳು ಅವನನ್ನು ತಬ್ಬಿಕೊಂಡು ಅತ್ತಳಂತೆ. ಅವನ ಕೈಯಲ್ಲಿ ಜೋಳ ಮೆತ್ತಿದ ಒಂದು ಹಣತೆ ಇತ್ತು, ಭರಮಪ್ಪನದು. ಅದನ್ನು ಕಾಳಿನಿಂದ ತೋಡಿ ತೆಗೆಯುತ್ತಿದ್ದರಿಂದಲೇ ಅವನು ಸುಮ್ಮನಾಗಿದ್ದು.

ಹಗೇವುಗಳನ್ನು ಈಗ ಮುಚ್ಚಿ ಮನೆ ಕಟ್ಟಿದ್ದಾರೆ. ಆದರೂ ಆ ಸೀಮೆಯಲ್ಲಿ ಹಾಳುಬಾವಿಗೆ ಇಳಿಯುವ ಮುಂಚೆ ಹಗ್ಗ ಕಟ್ಟಿ ದೀಪ ಇಳಿಸುತ್ತಾರೆ. ದೀಪ ಹೋದರೆ ಅಪಶಕುನ ಅನ್ನುವುದಿಲ್ಲ, ನೀಲಗಂಗವ್ವ ಬ್ಯಾಡ ಅಂದ್ಲು ಅಂತ ಎದ್ದು ಮನೆಗೆ ಹೋಗುತ್ತಾರೆ. ಉರಿದರೆ ಒಬ್ಬ ಇಳಿಯುತ್ತಾನೆ, ಅವನ ಮನೆಯ ಹೆಣ್ಣುಮಗಳು ಬಾಯಿಯ ಹತ್ತಿರ ಹಗ್ಗ ಹಿಡಿದು ಕೂರುತ್ತಾಳೆ. ಕೆಳಗಿನವನು ನೀರು ಕೇಳಲಿ, ಬುಟ್ಟಿ ಕೇಳಲಿ, ಏನೇ ಕೇಳಲಿ, ಅವಳು ತರಲು ಏಳುವುದಿಲ್ಲ. ಮೊದಲು ಅವನನ್ನು ಮೇಲೆ ಎಳೆಯುತ್ತಾಳೆ.