ಕರಡಿ ಬೇಯಿಸಿದ ಸುವರ್ಣಗೆಡ್ಡೆ

ಹುತ್ತದ ಗೆದ್ದಲು, ಮರದ ಜೇನು ಬಿಟ್ಟರೆ ಬೇರೇನನ್ನೂ ತಿಂದರಿಯದ ತಾಯಿ ಕರಡಿಯೊಂದು ಒಮ್ಮೆ ಮುಳ್ಳುಹಂದಿಯ ಮನೆಯಲ್ಲಿ ಸುವರ್ಣಗೆಡ್ಡೆಯ ಪಲ್ಯ ತಿಂದು ಬೆರಗಾಯಿತು.

"ಅಕ್ಕಾ, ಇದನ್ನು ಮಾಡುವುದು ಹೇಗೆ?" ಎಂದು ಕೇಳಿತು.

"ಅದರಲ್ಲೇನಿದೆ ತಂಗಿ? ಸಿಪ್ಪೆ ತೆಗೆದು ಹೆಚ್ಚು, ಬೇಯಿಸು, ಉಪ್ಪು ಖಾರ ಹಾಕಿ ಒಗ್ಗರಣೆ ಕೊಡು" ಎಂದಿತು ಮುಳ್ಳುಹಂದಿ.

ಕರಡಿ ಮನೆಗೆ ಬಂದು ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಿತು. ಮೊದಲ ತುತ್ತನ್ನು ಮುದ್ದಿನ ಮರಿಯ ಬಾಯಿಗಿಟ್ಟಿತು. ನುಂಗಿದ್ದೇ ತಡ, ಮರಿ ಗಂಟಲು ಹಿಡಿದುಕೊಂಡು ನೆಲದ ಮೇಲೆ ಹೊರಳಾಡಿತು. ಅದರ ತುಟಿ ಊದಿತು, ಕೂಗಲು ದನಿಯೇ ಹೊರಡಲಿಲ್ಲ. ಕರಡಿ, ಕೈಯಾರೆ ಮಗುವಿಗೆ ವಿಷವಿಟ್ಟೆನೇ ಎಂದು ಬಡಬಡಿಸುತ್ತ, ಮರಿಯನ್ನು ಹೊತ್ತು ಮುಳ್ಳುಹಂದಿಯ ಬಾಗಿಲಿಗೆ ಓಡಿತು.

ಮರಿಯ ಬಾಯಿ ನೋಡಿದ ಕೂಡಲೇ ಮುಳ್ಳುಹಂದಿ ಹುಣಸೆಹಣ್ಣು ಕಿವುಚಿ ರಸ ಕುಡಿಸಿತು. ಸ್ವಲ್ಪ ಹೊತ್ತಿನಲ್ಲಿ ಮರಿ ಸಣ್ಣಗೆ ಅತ್ತಿತು. ಆ ಅಳು ಕೇಳಿದ ಮೇಲೆಯೇ ಕರಡಿಗೆ ಉಸಿರು ಬಂದದ್ದು.

"ಗೆಡ್ಡೆಗೆ ಹುಣಸೆ ಹಾಕಲಿಲ್ಲವೇ? ಹಾಕದಿದ್ದರೆ ಗಂಟಲು ತುರಿಸಿ ಊದುತ್ತದೆ!" ಎಂದಿತು ಮುಳ್ಳುಹಂದಿ.

"ನೀನು ಹೇಳಲೇ ಇಲ್ಲವಲ್ಲ ಅಕ್ಕಾ!"

"ಅದನ್ನೂ ಹೇಳಬೇಕೇ? ಹುಣಸೆಯಿಲ್ಲದೆ ಗೆಡ್ಡೆ ಬೇಯಿಸುವವರು ಈ ಕಾಡಿನಲ್ಲಿ ಯಾರಿದ್ದಾರೆ?"

"ನಾನಿದ್ದೇನೆ" ಎಂದಿತು ಕರಡಿ. "ಗೊತ್ತಿಲ್ಲವೆಂದೇ ಅಲ್ಲವೇ ನಿನ್ನನ್ನು ಕೇಳಿದ್ದು?"

ಮುಳ್ಳುಹಂದಿ ಮರಿಯ ಊದಿದ ತುಟಿಗೆ ಇನ್ನಷ್ಟು ಹುಣಸೆ ರಸ ಸವರಿತು.